ಬೆತ್ತದ ತೇರು ಕಟ್ಟುವವರು

ಮಾರ್ಗಶಿರ ಶುದ್ಧ ಷಷ್ಠಿಯಂದು ಕುಕ್ಕೆ ಸುಬ್ರಹ್ಮಣ್ಯದ ಬ್ರಹ್ಮರಥಕ್ಕೆ ಕೈಮುಗಿದು ನಿಲ್ಲುವ ಸಹಸ್ರಾರು ಭಕ್ತರಲ್ಲಿ, ಆ ತೇರನ್ನು ಕಟ್ಟಿದವರಾರೆಂದು ವಿಚಾರಿಸುವವರು ವಿರಳ. ಅದನ್ನು ಬಿಗಿಯುವುದಕ್ಕೂ ಎಳೆಯುವುದಕ್ಕೂ ಹಗ್ಗವಿಲ್ಲ, ಬೆತ್ತವೇ ಸಾಧನ. ಸುತ್ತಣ ಮಲೆಗಳನ್ನು ಹೊಕ್ಕು, ಮುಳ್ಳಿನೊಡನೆ ಹೆಣಗಿ ಬೆತ್ತವನ್ನು ಕಡಿದು, ಹೊತ್ತು ತಂದು ರಥವನ್ನು ಅಣಿಗೊಳಿಸುವವರು ಮಲೆಕುಡಿಯರು. ಉತ್ಸವ ಮುಗಿದೊಡನೆ ಆ ಬೆತ್ತದ ತುಂಡನ್ನು ಸರ್ಪಭಯ ನಿವಾರಕವೆಂದು ಭಕ್ತರು ಮನೆಗೊಯ್ಯುವರು.

ಕುಕ್ಕೆ ಎಂದರೆ ಬುಟ್ಟಿಯೆಂದು ಹೇಳುವವರುಂಟು. ಕುಕ್ಕ, ಲಿಂಗ ಎಂಬ ಮಲೆಕುಡಿಯ ಸಹೋದರರಿಂದ ಬಂದ ಹೆಸರೆಂದು ಮತ್ತೊಂದು ಐತಿಹ್ಯ. ಪಂಡಿತರು ಯಾವುದನ್ನಾದರೂ ಒಪ್ಪಲಿ. ಎರಡನೆಯ ಕಥೆಯನ್ನು ಮರೆಯದಿರುವುದು ನ್ಯಾಯ.

ತುಳು ಮಾತನಾಡುವ ಈ ಜನರು ಜೇನು ಕೊಯ್ದು, ಏಲಕ್ಕಿ ಆಯ್ದು, ಕುಮರಿ ಬೇಸಾಯದಿಂದ ಜೀವಿಸಿದವರು. ಆಂಗ್ಲರ ಆಳಿಕೆಯಲ್ಲಿ ಕುಮರಿಗೆ ತಡೆಯಾಯಿತು. ೧೮೮೨ರ ಮದರಾಸು ಅರಣ್ಯ ಶಾಸನದ ತರುವಾಯ ಕಾಡಿಗೆ ಗಡಿಕಲ್ಲುಗಳು ಬಂದವು. ಅಮೇರಿಕದ ಮರುಭೂಮಿಯ ನವಾಹೋ ಜನರನ್ನು ೧೮೬೪ರಲ್ಲಿ ಸೈನ್ಯವೇ ನೂರಾರು ಮೈಲು ನಡೆಯಿಸಿ ನೆಲ ಬಿಡಿಸಿತ್ತು. ೧೮೬೮ರ ಒಪ್ಪಂದದಿಂದ ಅವರು ಮರಳಿದರು. ಇಲ್ಲಿ ಸೈನ್ಯವೇನೂ ಬರಲಿಲ್ಲ. ಮಲೆಕುಡಿಯನು ತನ್ನ ಗುಡಿಸಲಿನಲ್ಲಿಯೇ ಕುಳಿತಿದ್ದಂತೆ, ನೆಲವು ಕಾಗದದ ಮೇಲೆ ಪರರದಾಯಿತು. ೧೯೮೭ರಲ್ಲಿ ಕುದುರೆಮುಖವು ರಾಷ್ಟ್ರೀಯೋದ್ಯಾನವೆಂದು ಘೋಷಿತವಾಗಲು, ಅದರೊಳಗಣ ಮನೆಗಳವರಿಗೂ ಅದೇ ಚಿಂತೆ ಹತ್ತಿತು.

೨೦೦೬ರ ಅರಣ್ಯ ಹಕ್ಕು ಶಾಸನವು ಈ ಅನ್ಯಾಯವನ್ನು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ೨೦೦೫ನೆಯ ದಶಂಬರ ೧೩ಕ್ಕೆ ಮುಂಚೆ ಬುಡಕಟ್ಟಿನ ಕುಟುಂಬವು ಸಾಗುವಳಿ ಮಾಡಿದ ನೆಲಕ್ಕೆ, ೪ ಹೆಕ್ಟೇರು ಮೀರದಂತೆ, ಹಕ್ಕುಂಟು. ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಯ ಮುಂದೆ ಬರತಕ್ಕದ್ದು. ಕಿರು ಅರಣ್ಯೋತ್ಪನ್ನಗಳ ಸಾಲಿನಲ್ಲಿ ಜೇನು, ಬಿದಿರುಗಳೊಡನೆ ಬೆತ್ತದ ಹೆಸರೂ ಸ್ಪಷ್ಟವಾಗಿದೆ. ದೇವರ ತೇರಿಗೆ ಬೆತ್ತ ತಂದಾಗ ಸೇವೆಯೆನ್ನಿಸಿಕೊಂಡು, ತನ್ನ ಬುಟ್ಟಿಗೆ ತಂದಾಗ ಕಳವೆನ್ನಿಸಿಕೊಳ್ಳುವ ವಿಪರೀತಕ್ಕೆ ಈ ಒಂದು ಶಬ್ದವೇ ಉತ್ತರ. ಆದರೆ ಶಬ್ದವು ದಿಲ್ಲಿಯಲ್ಲಿ ಅಚ್ಚಾದುದು. ಅದನ್ನು ಓದಿ, ಅರ್ಜಿ ಬರೆದು, ಕಚೇರಿಯ ಮೆಟ್ಟಲು ಹತ್ತಬೇಕಾದವನು ಮಲೆಯಿಂದ ಮೈಲುಗಟ್ಟಲೆ ಇಳಿದು ಬರುವವನು.

ಸುಬ್ರಹ್ಮಣ್ಯವು ಮೊದಲು ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದೆ. ೨೦೧೯ರಲ್ಲಿ ಹಳೆಯ ತೇರಿನ ಸ್ಥಾನಕ್ಕೆ ಹೊಸ ಬ್ರಹ್ಮರಥವೂ ಬಂದಿತು. ಮರ ಹೊಸತು, ಕೆತ್ತನೆ ಹೊಸತು; ಬೆತ್ತವನ್ನು ಬಿಗಿಯಲು ಮಲೆಯಿಂದ ಇಳಿದುಬಂದವರು ಮಾತ್ರ ಅವರೇ.