ಊರು, ಹೊಲ, ಮನೆ | ಭಾಗ 7: ಟಗರು ಬದಲಿಸೋದು ಯಾಕೆ?

ಫೋಟೋದಲ್ಲಿರೋದು ಬಳ್ಳಾರಿ ತಳಿಯ ಟಗರು. ಕುರುಗೋಡು ಹತ್ರ ನಮ್ಮ ದೊಡ್ಡಪ್ಪನ ಹಿಂಡಿನದು. ಎಷ್ಟೇ ಚೆಂದ ಇದ್ರೂ ಎರಡು ವರ್ಷಕ್ಕೆ ಮಾರಿ, ಬೇರೆ ಊರಿನ ಹಿಂಡಿನಿಂದ ಇನ್ನೊಂದು ತರ್ತಾರೆ. "ಇದರ ಮಕ್ಕಳೇ ಈಗ ಮರಿ ಹಾಕೋ ವಯಸ್ಸಿಗೆ ಬಂದಾವ. ಒಂದ ರಕ್ತ ಆದ್ರ ಮರಿ ಸೊರಗ್ತಾವ" ಅಂತಾರೆ.

ದೊಡ್ಡಪ್ಪ ಶಾಲೆಗೆ ಹೋದವರಲ್ಲ, ಆದ್ರೆ ಹೇಳೋದು ವಿಜ್ಞಾನವೇ. ಪ್ರತಿ ಜೀವಿಯಲ್ಲೂ ಕೆಲವು ದೋಷದ ಜೀನ್‌ಗಳು ಅಡಗಿರ್ತವೆ. ಜೋಡಿಯಲ್ಲಿ ಇನ್ನೊಂದು ಸರಿ ಇದ್ರೆ ಸಾಮಾನ್ಯವಾಗಿ ತೊಂದರೆ ಕಾಣಲ್ಲ. ತಂದೆ-ತಾಯಿ ಹತ್ತಿರದ ರಕ್ತವಾದ್ರೆ ಅದೇ ದೋಷ ಎರಡೂ ಕಡೆಯಿಂದ ಬರೋ ಸಾಧ್ಯತೆ ಜಾಸ್ತಿ. ಇದೇ ಇನ್‌ಬ್ರೀಡಿಂಗ್ ಡಿಪ್ರೆಷನ್.

ಸಿರುಗುಪ್ಪದ ಭತ್ತಕ್ಕೆ ಈ ಭಯ ಕಡಿಮೆ. ಭತ್ತದ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತೆ. ಸಾವಿರಾರು ವರ್ಷ ಹೀಗೇ ನಡೆದು ಕೆಟ್ಟ ಜೀನ್‌ಗಳು ಬಹುಪಾಲು ಜರಡಿ ಹಿಡಿದಂತೆ ಹೋಗಿವೆ. ಸಜ್ಜೆ ಹಾಗಲ್ಲ. ಅದು ಗಾಳಿಯಲ್ಲಿ ಬರೋ ಬೇರೆ ಗಿಡದ ಪರಾಗ ನಂಬಿದ ಬೆಳೆ. ತನ್ನದೇ ಪರಾಗ ಹಾಕಿ ಕೆಲವು ತಲೆಮಾರು ಬೆಳೆಸಿದ್ರೆ ಗಿಡ ಗಿಡ್ಡಾಗಿ ತೆನೆ ಸಣ್ಣದಾಗುತ್ತೆ.

ಈಗ ಮನೆ ಮಾತು. ಬಳ್ಳಾರಿಯಲ್ಲಿ ಡಿಗ್ರಿ ಮುಗಿಸಿದ ಅಕ್ಕನ ಮಗಳನ್ನ ನನ್ನ ತಮ್ಮನಿಗೆ ತರೋ ಮಾತು ನಡೀತಿದೆ. ಮುಂದೆ ನಿಂತವರು ಇದೇ ದೊಡ್ಡಪ್ಪ! "ಹುಡುಗಿ ಕಣ್ಮುಂದ ಇರ್ತಾಳ, ಹೊಲ ಹೊರಗ ಹೋಗಂಗಿಲ್ಲ." ಈ ಕಾಳಜಿ ಸುಳ್ಳಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಸೋದರಮಾವನ ಜೊತೆ ಮದುವೆಯನ್ನ ನಿಷೇಧಿಸಿದ್ರೂ, ಪದ್ಧತಿ ಇದ್ದಲ್ಲಿ ಬಿಡುತ್ತೆ.

ಆದ್ರೆ ಜೀನ್ ಪದ್ಧತಿ ಕೇಳಲ್ಲ. ಯಾವುದೇ ಜೀನ್ ಜೋಡಿಯ ಎರಡೂ ಒಬ್ಬರೇ ಹಿರಿಯರಿಂದ ಬಂದಿರೋ ಸಾಧ್ಯತೆ: ಟಗರು ಮತ್ತು ಅದರ ಮಗಳ ಮರಿಯಲ್ಲಿ 25%, ಸೋದರಮಾವ–ಸೊಸೆಯ ಮಗುವಲ್ಲಿ 12.5%, ಅತ್ತೆ-ಮಾವನ ಮಕ್ಕಳು ಮದುವೆಯಾದ್ರೆ 6.25%. ಹೀಗೆ ಮದುವೆಯಾದವರ ಮಕ್ಕಳಲ್ಲಿ ಬಹಳಷ್ಟು ಜನ ಆರೋಗ್ಯವಾಗೇ ಇರ್ತಾರೆ, ನಮ್ಮ ಮನೆಯಲ್ಲೇ ಇದ್ದಾರೆ. ಆದ್ರೆ ಅಪಾಯ ಹೆಚ್ಚಾಗೋದು ನಿಜ, ತಲೆಮಾರು ತಲೆಮಾರು ಹೀಗೇ ಆದ್ರೆ ಇನ್ನೂ ಹೆಚ್ಚು.

ಇದನ್ನ ಹೇಳಿದ್ದಕ್ಕೆ ದೊಡ್ಡಪ್ಪ, "ಮನುಷ್ಯಾರ್ನ ಕುರಿಗೆ ಹೋಲಿಸ್ತೀಯೇನಲೇ?" ಅಂದ್ರು. ಇಲ್ಲ ದೊಡ್ಡಪ್ಪ. ಕುರಿಗೆ ಕೊಡೋ ಕಾಳಜಿ ನಮ್ಮ ಹುಡುಗಿಗೂ ಸಿಗಲಿ ಅಂತಿದ್ದೀನಿ ಅಷ್ಟೇ.

ಅಕ್ಕನಿಗೆ ಎರಡೇ ಮಾತು ಹೇಳಿದ್ದೀನಿ: ಮೊದಲು ಮಗಳನ್ನ ಕೇಳು. ಆಮೇಲೆ, ಎಲೆ-ಅಡಿಕೆ ಹಿಡಿಯೋ ಮುಂಚೆ, ಇಬ್ಬರನ್ನೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಕರ್ಕೊಂಡು ಹೋಗು.

ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ ಹುಡುಗಿಯನ್ನ ಯಾರಾದ್ರೂ ಕೇಳಿದ್ರಾ? ಕಾಮೆಂಟಲ್ಲಿ ಬರೀರಿ.

#ಬಳ್ಳಾರಿ #ಕುರುಗೋಡು #ಸಿರುಗುಪ್ಪ