ಘಟಪ್ರಭೆಯ ದಂಡೆಯ ಸ್ಮಾರಕಗಳು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯು ಪ್ರವಾಸಿಕರಿಗೆ ಅಪರಿಚಿತವಾದುದಲ್ಲ. ಜಲಪಾತವನ್ನು ನೋಡಿ, ಕರದಂಟಿನ ಪೊಟ್ಟಣವನ್ನು ಕಟ್ಟಿಸಿಕೊಂಡು ಮರಳುವವರೇ ಬಹಳ. ನಾವು ಈ ಸಲ ಬೇರೊಂದು ಕುತೂಹಲದಿಂದ ಈ ಸೀಮೆಯನ್ನು ಸುತ್ತಿದೆವು. ಇಲ್ಲಿಯ ಸ್ಮಾರಕಗಳು ಯಾರನ್ನು ನೆನೆಸಿಕೊಡುತ್ತವೆ, ಯಾರನ್ನು ಮರೆತಿವೆ ಎಂಬದನ್ನು ಕಾಣುವದೇ ನಮ್ಮ ಉದ್ದೇಶವಾಗಿತ್ತು.

‘ಸ್ಮಾರಕ’ವೆಂಬ ಶಬ್ದವು ‘ಸ್ಮೃ’ ಧಾತುವಿನ ಪ್ರೇರಣಾರ್ಥಕ ರೂಪದಿಂದ ಹುಟ್ಟಿದುದು. ಪರರು ನೆನೆಯುವಂತೆ ಮಾಡುವಂಥದೇ ಸ್ಮಾರಕ. ಆದುದರಿಂದ ಯಾರನ್ನು ನೆನಪಿಸಬೇಕು, ಯಾರಿಗೆ ನೆನಪಿಸಬೇಕು ಎಂಬ ಎರಡು ಪ್ರಶ್ನೆಗಳು ಆ ಶಬ್ದದೊಳಗೇ ಅಡಗಿವೆ.

ಗೋಕಾಕದ ಬಳಿ ಘಟಪ್ರಭೆಯು ಕುದುರೆಯ ಲಾಳದಾಕಾರದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕುವದು. ಮಳೆಗಾಲದಲ್ಲಿ ಆ ಕೆಮ್ಮಣ್ಣಿನ ನೀರಿನ ಆರ್ಭಟವು ವರ್ಣನೆಗೆ ನಿಲುಕದು. ದಂಡೆಯ ಮೇಲೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರನ ಗುಡಿ. ಹೊಳೆಗೆ ಅಡ್ಡಲಾಗಿ ತೂಗು ಸೇತುವೆ. ಪಕ್ಕದಲ್ಲಿ 1887ರಲ್ಲಿ ಕೆಲಸವನ್ನಾರಂಭಿಸಿದ ನೂಲಿನ ಗಿರಣಿ. ಗುಡಿಯನ್ನು ಕಂಡವರು ಚಾಲುಕ್ಯರನ್ನು ನೆನೆಯುತ್ತಾರೆ. ಗಿರಣಿಯನ್ನು ಕಂಡವರು ಕಂಪನಿಯನ್ನು ನೆನೆಯುತ್ತಾರೆ. ಆದರೆ ಕಲ್ಲನ್ನು ಕಡಿದವರು, ತಲೆತಲಾಂತರದಿಂದ ನೂಲನ್ನು ತೆಗೆದವರು ಯಾರು? ಅವರ ಹೆಸರನ್ನು ಹೊತ್ತ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ನಮ್ಮ ಪೂರ್ವಜರು ಈ ವಿಷಯದಲ್ಲಿ ಇಷ್ಟು ಸಂಕುಚಿತರಾಗಿರಲಿಲ್ಲ. ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳು ಅರಸರವಲ್ಲ. ಕಳ್ಳರು ಅಟ್ಟಿಕೊಂಡು ಹೋದ ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯರಿಗೂ ಕಲ್ಲು ನಿಂತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಂತೂ ಹತ್ತನೆಯ ಶತಮಾನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆಯ ನಾಯಿಗೇ ಕಲ್ಲನ್ನು ನಿಲ್ಲಿಸಿದರು. ನಾಯಿಯ ಹೆಸರನ್ನು ಸಾವಿರ ವರುಷ ಉಳಿಸಿದ ನಾಡಿನಲ್ಲಿ ದುಡಿದ ಮನುಷ್ಯನ ಹೆಸರಿಗೆ ಸ್ಥಳವಿಲ್ಲವೆಂದರೆ ಹೇಗೆ?

ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿಯ ಕಡೆಗೆ ಹೊರಳಿದರೆ ಇನ್ನೊಂದು ಬಗೆಯ ಸ್ಮಾರಕವು ಕಾಣುವದು. ಕಾಣುವದೇನು, ಕಿವಿಗೆ ಕೇಳುವದು. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಕಳೆಯೇರಿಸಿದ ಕುಲಗೋಡ ತಮ್ಮಣ್ಣನವರೂ, ಅದೇ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನವರೂ ಈ ಸೀಮೆಯವರೇ. ಹೆಣ್ಣುಮಕ್ಕಳು ರಂಗವೇರುವದನ್ನು ಸಮಾಜವು ಸಹಿಸದಿದ್ದ ಕಾಲದಲ್ಲಿ ನಿಂಗಮ್ಮನವರು ರಂಗವೇರಿದರು. ಅವರ ಹೆಸರು ಇಂದಿಗೂ ಉಳಿದಿದ್ದರೆ ಅದು ರಾತ್ರಿಯೆಲ್ಲ ಎಚ್ಚತ್ತು ಆಟ ನೋಡಿದ ಜನರ ಬಾಯಿಂದ. ಜನರ ಬಾಯಲ್ಲಿ ಉಳಿದುದೇ ಮೊದಲ ಸ್ಮಾರಕ; ಕಲ್ಲು ಅದರ ನೆರಳು.

ಹುಕ್ಕೇರಿಯಲ್ಲಿ ಆದಿಲಶಾಹಿಯ ಕಾಲದ ಗುಮ್ಮಟಗಳಿವೆ. ಅದೇ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ, ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುವ ದೊಡ್ಡ ಆಣೆಕಟ್ಟಿದೆ. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನಿಟ್ಟಿದ್ದಾರೆ. ವಿದ್ಯಾದಾನಿಗಳ ಹೆಸರಿಟ್ಟುದು ಯೋಗ್ಯವೇ ಆಯಿತು. ಆದರೆ ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಹುನ್ನೂರಿನ ವಿಠಲನ ಗುಡಿಯು ಜಲಾಶಯದೊಳಗಿಂದ ಮೇಲೇಳುವದು. ಜನರು ಕೆಸರನ್ನು ತುಳಿದು ದರ್ಶನಕ್ಕೆ ಹೋಗುತ್ತಾರೆ. ಇತರರ ಹೊಲಗಳು ಹಸಿರಾಗಲೆಂದು ತಮ್ಮ ಮನೆ, ಹೊಲ, ದೇವರುಗಳನ್ನು ನೀರಿಗೆ ಒಪ್ಪಿಸಿದವರ ತ್ಯಾಗವು ಸಣ್ಣದಲ್ಲ. ಅವರಿಗೆ ಸ್ಮಾರಕವನ್ನು ನೀರೇ ಕಟ್ಟಬೇಕೇ?

ಯಾರನ್ನೂ ಕೇಳದೆ ಸ್ಮಾರಕವನ್ನು ನಿಲ್ಲಿಸಿದರೆ ಏನಾಗುವದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. 2020ರ ಆಗಸ್ಟಿನಲ್ಲಿ ಬೆಳಗಾವಿಗೆ ಸಮೀಪದ ಪೀರನವಾಡಿಯಲ್ಲಿ ಒಂದು ರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯು ನಿಂತಿತು. ಕೂಟಕ್ಕೆ ಶಿವಾಜಿ ಮಹಾರಾಜರ ಹೆಸರಿರಬೇಕೆಂಬವರು ವಿರೋಧಿಸಿದರು, ಊರು ಕದಡಿತು. ಕಡೆಗೆ ಉಭಯ ಪಕ್ಷದವರನ್ನು ಕೂಡ್ರಿಸಿ ಮಾತಾಡಿದ ಬಳಿಕ, ರಾಯಣ್ಣನ ಪ್ರತಿಮೆ ಅಲ್ಲಿಯೇ ಇರುವದು, ಕೂಟಕ್ಕೆ ಶಿವಾಜಿಯ ಹೆಸರಿರುವದು ಎಂದು ಒಪ್ಪಂದವಾಯಿತು. ಇಬ್ಬರು ವೀರರೂ ಒಂದೇ ಸ್ಥಳದಲ್ಲಿ ಇರಬಲ್ಲರೆಂದಾಯಿತು. ಆ ಮಾತುಕತೆಯು ಪ್ರತಿಮೆಗಿಂತ ಮೊದಲೇ ನಡೆದಿದ್ದರೆ!

ಅದಕ್ಕಾಗಿ ವಾಚಕ ಮಹಾಶಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮೂರಿನಲ್ಲಿ ಸ್ಮಾರಕದ ವಿಚಾರವೆದ್ದಾಗ ಚಂದಾ ಎತ್ತುವ ಮೊದಲು ಗ್ರಾಮಸಭೆಯನ್ನು ಕೂಡಿಸಿರಿ. ಸಭೆಗೆ ಬಾರದ ಮುದುಕಿಯರ ಮನೆಗೆ ನೀವೇ ಹೋಗಿರಿ. ಊರಿನ ಅರ್ಧ ಇತಿಹಾಸವು ಅವರ ಬಾಯಲ್ಲಿರುವದು. ಎಲ್ಲ ಕೇರಿಗಳಿಂದಲೂ ಹೆಸರುಗಳನ್ನು ತನ್ನಿರಿ, ಎಲ್ಲರೆದುರು ಅವನ್ನು ಓದಿಸಿರಿ, ಬಿಟ್ಟುಹೋದುವು ಯಾವುವೆಂದು ಕೇಳಿರಿ. ಕಲ್ಲಿನಲ್ಲಿ ಸ್ವಲ್ಪ ಸ್ಥಳವನ್ನು ಬರಿದಾಗಿಯೇ ಬಿಡಿರಿ. ಮುಂದೆ ನೆನಪಾದ ಹೆಸರಿಗೆ ಅದು ಬೇಕಾಗುವದು. ವೆಚ್ಚವು ಅಲ್ಪ, ತಾಳ್ಮೆಯು ಮಾತ್ರ ಹೆಚ್ಚು ಬೇಕು. ಹೀಗೆ ನಿಂತ ಕಲ್ಲಿಗೆ ಕಾವಲಿನವರು ಬೇಕಾಗುವದಿಲ್ಲ. ಊರೇ ಅದನ್ನು ಕಾಯುವದು.