ಅಂಗುಳದ ಗಾಯ

ಕೆಳಗಿನ ಮುಂದಿನ ಹಲ್ಲುಗಳ ವಸಡು ಇಳಿದು ಬೇರು ಕಾಣತೊಡಗಿತ್ತು. ಅಂಗುಳದಿಂದ ಒಂದೂವರೆ ಮಿಲಿಮೀಟರ್ ದಪ್ಪದ ಪದರ ತೆಗೆದು ಅಲ್ಲಿಗೆ ಹೊಲಿಯುತ್ತೇನೆ ಎಂದರು ವಸಡಿನ ಡಾಕ್ಟರಮ್ಮ. ಹೊಲಿದ ಜಾಗ ನನ್ನನ್ನು ಅಷ್ಟೇನೂ ಕಾಡಲಿಲ್ಲ. ಜೀವ ಹಿಂಡಿದ್ದು ತೆಗೆದ ಜಾಗ.

ಅಲ್ಲಿ ಎಳೆದು ಮುಚ್ಚಲು ಏನೂ ಉಳಿದಿರುವುದಿಲ್ಲ. ಹಸಿ ಮಾಂಸ ತೆರೆದೇ ಇರುತ್ತದೆ. ಸುತ್ತಲ ಅಂಚಿನಿಂದ ಹೊಸ ಪದರ ಹಬ್ಬಿಕೊಂಡು ಬಂದು ಮಾಯಬೇಕು. ಅದಕ್ಕೆ ಎರಡರಿಂದ ನಾಲ್ಕು ವಾರ. ಅಲ್ಲಿಯವರೆಗೆ ಅನ್ನದಗುಳು, ಖಾರ, ಬಿಸಿ ಕಾಫಿ ಎಲ್ಲ ತಾಗುವುದು ಅಲ್ಲಿಗೇ. ಇವುಗಳಿಂದ ದೂರ ಇರಬಹುದು, ನಾಲಿಗೆಯನ್ನು ಎಲ್ಲಿಡುವುದು?

ಆಪರೇಷನ್ನಿಗೆ ಮೊದಲೇ ಬಾಯಿಯ ಅಚ್ಚು ತೆಗೆದು ಅಕ್ರಿಲಿಕ್ ಪ್ಲೇಟ್ ಮಾಡಿಸಿದ್ದರು. ಮೇಲಿನ ಹಲ್ಲುಗಳಿಗೆ ತಂತಿಯ ಕೊಕ್ಕೆಯಿಂದ ಸಿಕ್ಕಿಸುವಂಥದ್ದು. ಗಾಯದ ಮೇಲೆ ಮೇಣದಂತೆ ಕಲಸಿದ ಗುಲಾಬಿ ಬಣ್ಣದ ಪ್ಯಾಕ್, ಅದರ ಮೇಲೆ ಪ್ಲೇಟ್. ನಾನು ಪ್ರೈಮರಿ ಶಾಲೆ ಮೇಷ್ಟ್ರು. ಪ್ಲೇಟ್ ಹಾಕಿಕೊಂಡರೆ ಟ, ಡ, ಣ, ಳ ಒಂದೂ ನೆಟ್ಟಗೆ ಹೊರಡದು. ಹುಡುಗರು ಮುಸಿಮುಸಿ ನಗುವರು. ತೊಳೆಯಲೆಂದು ತೆಗೆದಾಗ 'ಬಾಳೆಹಣ್ಣು' ಅಂದರೂ ಸಾಕು, ನಾಲಿಗೆಯ ಅಂಚು ಗಾಯ ಸವರಿ ಕಣ್ಣಲ್ಲಿ ನೀರು. ನಗಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ಒಂದು ರಾತ್ರಿ ಬಾಯೆಲ್ಲ ಉಪ್ಪುಪ್ಪು. ದಿಂಬಿನ ಮೇಲೆ ರಕ್ತ. ಹೆಂಡತಿ ಗಾಬರಿಯಲ್ಲಿ ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು. "ಒದ್ದೆ ಗಾಜ್ ಬಟ್ಟೆ ಇಟ್ಟು ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ ಮೇಷ್ಟ್ರೇ. ಉಗೀಬೇಡಿ, ಬಾಯಿ ಮುಕ್ಕಳಿಸಬೇಡಿ" ಎಂದರು. ಒತ್ತಿದ ಮೇಲೆ ನಿಂತಿತು. ಮತ್ತೆ ಸಿಕ್ಕಿಸಿದ ಪ್ಲೇಟನ್ನು ಬೆಳಗ್ಗೆಯವರೆಗೂ ತೆಗೆಯುವ ಧೈರ್ಯ ಬರಲಿಲ್ಲ.

ಪ್ಯಾಕ್ ಬಿಚ್ಚಿದ ದಿನ ಬಂದ ವಾಸನೆಯನ್ನು ಬರೆಯದಿರುವುದೇ ಒಳ್ಳೆಯದು. ಕೆಳಗೆ ಹಳದಿ ಬಿಳುಪಿನ ಪೊರೆ. ಕೀವು ಅಂದುಕೊಂಡೆ. ಕೀವಲ್ಲ, ಫೈಬ್ರಿನ್, ಮಾಯುವ ಗಾಯಕ್ಕೆ ದೇಹವೇ ಹಾಕಿಕೊಳ್ಳುವ ಹೊದಿಕೆ, ಕೆರೆಯಬೇಡಿ ಎಂದರು. ಪ್ಯಾಕ್ ಹಾಕಿದ್ದರಿಂದ ಬೇಗ ಮಾಯ್ತಾ ಎಂದು ಕೇಳಿದೆ. "ಅದು ವಾಸಿ ಮಾಡಲ್ಲ, ಕಾಯುತ್ತೆ ಅಷ್ಟೆ" ಎಂದು ನಕ್ಕರು. 1923ರಲ್ಲಿ ವಾರ್ಡ್ ಎಂಬುವರು ಬಳಕೆಗೆ ತಂದ ಪ್ಯಾಕಿನಲ್ಲಿ ಲವಂಗದೆಣ್ಣೆಯ ಯೂಜಿನಾಲ್ ಇತ್ತಂತೆ. ಅದು ಕೆಲವರ ಬಾಯಿ ಉರಿಸುವುದರಿಂದ ಈಗ ಹೆಚ್ಚಾಗಿ ಅದಿಲ್ಲದ್ದನ್ನೇ ಹಾಕುತ್ತಾರೆ. ಯಾವುದೇ ಆದರೂ ಅಡಿಯಲ್ಲಿ ಕೊಳೆ ಕೂರುತ್ತದೆ, ಹಾಗಾಗಿ ವಾರ ಹತ್ತು ದಿನಕ್ಕೆ ತೆಗೆಯಲೇಬೇಕು. ಕ್ಲೋರ್‌ಹೆಕ್ಸಿಡಿನ್ ನೀರಲ್ಲಿ ದಿನಕ್ಕೆರಡು ಸಲ ಮುಕ್ಕಳಿಸುವ ಕೆಲಸವೂ ತಪ್ಪದು. ಅದರಿಂದ ಹಲ್ಲು ಕಂದಾಯಿತು, ಕಾಫಿಯ ರುಚಿಯೂ ಕೆಟ್ಟಿತು.

ಪ್ಯಾಕ್ ಹೋದ ಮೇಲೂ ಊಟಕ್ಕೆ ಪ್ಲೇಟ್ ಹಾಕಿಕೊಳ್ಳುತ್ತಿದ್ದೆ. ಗಂಜಿ ಬಿಟ್ಟು ಮೆತ್ತನೆ ಅನ್ನ ಸಾರಿಗೆ ಬರಲು ಧೈರ್ಯ ಕೊಟ್ಟದ್ದು ಅದೇ.

ನಿಮಗೂ ಅಂಗುಳದಿಂದ ಪದರ ತೆಗೆಯುತ್ತಾರೆಂದರೆ, ಪ್ಲೇಟ್ ಮಾಡಿಸುತ್ತೀರಾ ಎಂದು ಆಪರೇಷನ್ನಿಗೆ ಮೊದಲೇ ಕೇಳಿ. ಹಸಿ ಗಾಯದ ಮೇಲೆ ಅಚ್ಚು ತೆಗೆಸಿಕೊಳ್ಳುವ ಪಾಡು ಬೇಡ.